ಆಕಾಶದ ಒಂಟಿ ದಾರಿ

ವಿಮಾನದ ಬಾಗಿಲು ಮುಚ್ಚಿ, ಬೆಲ್ಟ್ ಬಿಗಿದು ಕುಳಿತ ಮೇಲೂ ಅರ್ಧ ತಾಸು ಅದು ಕದಲದಿದ್ದರೆ ನಾವೆಲ್ಲ ಗೊಣಗುತ್ತೇವೆ. ಇಳಿಯಬೇಕಾದ ನಿಲ್ದಾಣದಲ್ಲಿ ದಟ್ಟಣೆ ಇದೆ ಎಂಬ ಪೈಲಟ್‌ನ ಪ್ರಕಟಣೆ ನಮಗೆ ನೆಪದಂತೆ ಕೇಳಿಸುತ್ತದೆ. ಆಕಾಶದಲ್ಲಿ ಎಂಥ ದಟ್ಟಣೆ? ಅಷ್ಟು ವಿಶಾಲವಾದ ಬಯಲಿನಲ್ಲಿ ದಾರಿಗೆ ಬರವೇ? ಈ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ.

ವಿಮಾನಗಳು ವಿರಳವಾಗಿದ್ದಾಗ ಪೈಲಟ್‌ನ ಕಣ್ಣೇ ಕಾವಲಾಗಿತ್ತು. 1935ರ ಡಿಸೆಂಬರ್‌ನಲ್ಲಿ ಅಮೆರಿಕದ ನೆವಾರ್ಕ್‌ನಲ್ಲಿ ವಿಮಾನ ಕಂಪನಿಗಳೇ ಕೂಡಿ ಒಂದು ನಿಯಂತ್ರಣ ಕೇಂದ್ರ ತೆರೆದವು. ಮೇಜಿನ ಮೇಲೆ ನಕ್ಷೆ ಹರಡಿ, ವಿಮಾನಕ್ಕೊಂದು ಗುರುತು ಇಟ್ಟು, ದೂರವಾಣಿಯಲ್ಲಿ ಸುದ್ದಿ ಬಂದಂತೆಲ್ಲ ಅದನ್ನು ಕೈಯಿಂದ ಸರಿಸುತ್ತಿದ್ದರು. ಮರುವರ್ಷ ಸರಕಾರವೇ ಆ ಕೆಲಸ ವಹಿಸಿಕೊಂಡಿತು. ರಾಡಾರ್ ಬಂದ ಮೇಲೂ ಸರದಿ ನಿಲ್ಲುತ್ತಿದ್ದುದು ಆಕಾಶದಲ್ಲೇ. ಇಳಿಯಲು ಜಾಗ ಸಿಗದ ವಿಮಾನಗಳು ಇಂಧನ ಸುಡುತ್ತಾ ಸುತ್ತು ಹಾಕುತ್ತಿದ್ದವು. ಇಡೀ ದೇಶದ ಸಂಚಾರವನ್ನು ಒಂದೆಡೆಯಿಂದ ನೋಡುವ ಕೇಂದ್ರವನ್ನು ಅಮೆರಿಕ 1970ರಲ್ಲಿ ಸ್ಥಾಪಿಸಿತು. 1973ರ ತೈಲ ಬಿಕ್ಕಟ್ಟು, 1981ರಲ್ಲಿ ಮುಷ್ಕರ ಹೂಡಿದ ಹನ್ನೊಂದು ಸಾವಿರಕ್ಕೂ ಹೆಚ್ಚು ನಿಯಂತ್ರಕರನ್ನು ಅಧ್ಯಕ್ಷ ರೇಗನ್ ವಜಾ ಮಾಡಿದ್ದು, ಇವೆರಡೂ ಅಲ್ಲಿ ಒಂದು ಪಾಠ ಕಲಿಸಿದವು: ಕಾಯಿಸಲೇಬೇಕಿದ್ದರೆ ನೆಲದ ಮೇಲೆ ಕಾಯಿಸಿ.

ನಮ್ಮ ದೇಶ ಕಲಿತ ಪಾಠ ಬೇರೆ. ಅದರ ಬೆಲೆಯೂ ಬೇರೆ.

1990ರ ದಶಕದ ಆರಂಭದಲ್ಲಿ ಖಾಸಗಿ ವಿಮಾನ ಕಂಪನಿಗಳಿಗೆ ಬಾಗಿಲು ತೆರೆಯಿತು. ಸಂಚಾರ ಹೆಚ್ಚಿತು, ದಾರಿ ಮಾತ್ರ ಹಿಗ್ಗಲಿಲ್ಲ. ದೆಹಲಿಯ ಸುತ್ತಲಿನ ಆಕಾಶದ ಬಹುಪಾಲು ವಾಯುಪಡೆಯ ವಶದಲ್ಲಿತ್ತು. ನಾಗರಿಕ ವಿಮಾನಗಳು ಬರುವುದಕ್ಕೂ ಹೋಗುವುದಕ್ಕೂ ಇದ್ದುದು ಒಂದೇ ಓಣಿ. ಅಲ್ಲಿನ ರಾಡಾರ್ ವಿಮಾನದ ದಿಕ್ಕು ಮತ್ತು ದೂರವನ್ನು ತೋರಿಸುತ್ತಿತ್ತೇ ಹೊರತು ಎತ್ತರವನ್ನಲ್ಲ. ಎತ್ತರ ತಿಳಿಯಬೇಕಾದರೆ ಪೈಲಟ್‌ನನ್ನು ಕೇಳಬೇಕು, ಆತ ಹೇಳಿದ್ದನ್ನು ನಂಬಬೇಕು.

1996ರ ನವೆಂಬರ್ 12ರ ಸಂಜೆ ಸೌದಿ ಅರೇಬಿಯನ್ ಏರ್‌ಲೈನ್ಸ್‌ನ ಬೋಯಿಂಗ್ 747 ದೆಹಲಿಯಿಂದ ದಹ್ರಾನ್ ಕಡೆಗೆ ಹೊರಟಿತು. ಅದರಲ್ಲಿ 312 ಮಂದಿ. ದುಡಿಮೆಗಾಗಿ ಕೊಲ್ಲಿಗೆ ಹೊರಟವರೇ ಅದರಲ್ಲಿ ಬಹಳ. ಎದುರಿನಿಂದ ಕಝಾಕಿಸ್ತಾನದ ಇಲ್ಯೂಶಿನ್ ವಿಮಾನ 37 ಮಂದಿಯೊಂದಿಗೆ ದೆಹಲಿಗೆ ಇಳಿದು ಬರುತ್ತಿತ್ತು. ಸೌದಿ ವಿಮಾನಕ್ಕೆ 14,000 ಅಡಿ, ಕಝಾಕ್ ವಿಮಾನಕ್ಕೆ 15,000 ಅಡಿ ಎಂದು ನಿಯಂತ್ರಕ ಗೊತ್ತುಮಾಡಿದ್ದರು. ನಡುವೆ ಸಾವಿರ ಅಡಿ. ನಿಯಮದ ಪ್ರಕಾರ ಅಷ್ಟು ಸಾಕು. ಎದುರಿಗೆ ವಿಮಾನವಿದೆ ಎಂದು ಕಝಾಕ್ ಸಿಬ್ಬಂದಿಗೆ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಆದರೆ ಇಲ್ಯೂಶಿನ್ 15,000 ಅಡಿಯಲ್ಲಿ ನಿಲ್ಲದೆ ಕೆಳಗಿಳಿಯಿತು. ಅದರಲ್ಲಿ ನಿಯಂತ್ರಕನೊಡನೆ ಇಂಗ್ಲಿಷ್‌ನಲ್ಲಿ ಮಾತಾಡುತ್ತಿದ್ದುದು ರೇಡಿಯೋ ಆಪರೇಟರ್. ಅವನ ಮುಂದೆ ಎತ್ತರ ತೋರಿಸುವ ಸ್ವಂತ ಮಾಪಕವಿರಲಿಲ್ಲ. ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು. ಡಿಕ್ಕಿ ತಪ್ಪಿಸುವ ಎಚ್ಚರಿಕೆಯ ಉಪಕರಣ ಎರಡೂ ವಿಮಾನಗಳಲ್ಲಿರಲಿಲ್ಲ.

ಆ ದಾರಿಯಾಗಿ ಬರುತ್ತಿದ್ದ ಅಮೆರಿಕ ವಾಯುಪಡೆಯ ವಿಮಾನವೊಂದರ ಸಿಬ್ಬಂದಿ ಮೋಡದೊಳಗೆ ಬೆಂಕಿಯ ಹೊಳಪು ಕಂಡು ವರದಿ ಮಾಡಿದರು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳಲ್ಲಿ ಅವಶೇಷಗಳು ಚೆಲ್ಲಿ ಬಿದ್ದವು. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಕಾಶದಲ್ಲಿ ನಡೆದ ಡಿಕ್ಕಿಗಳಲ್ಲಿ ಇಷ್ಟು ಜೀವ ಬಲಿ ಪಡೆದದ್ದು ಇನ್ನೊಂದಿಲ್ಲ.

ನ್ಯಾಯಮೂರ್ತಿ ಆರ್.ಸಿ. ಲಹೋಟಿಯವರ ಆಯೋಗ ತನಿಖೆ ನಡೆಸಿ, ಗೊತ್ತುಮಾಡಿದ ಎತ್ತರವನ್ನು ಮೀರಿ ಇಳಿದ ಕಝಾಕ್ ಸಿಬ್ಬಂದಿಯ ಮೇಲೆ ಹೊಣೆ ಹೊರಿಸಿತು. ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಒಬ್ಬನ ತಪ್ಪು 349 ಸಾವಾಗುವಂತೆ ಬರುವವರನ್ನೂ ಹೋಗುವವರನ್ನೂ ಒಂದೇ ಓಣಿಗೆ ತಳ್ಳಿದ ಏರ್ಪಾಟನ್ನು ಏನೆಂದು ಕರೆಯೋಣ? ಆಮೇಲೆ ಎಲ್ಲವೂ ಆಯಿತು. ಬರುವ, ಹೋಗುವ ದಾರಿಗಳು ಬೇರೆಯಾದವು. ಎತ್ತರವನ್ನೂ ತೋರಿಸುವ ರಾಡಾರ್ ಬಂತು. ಭಾರತದ ಆಕಾಶದಲ್ಲಿ ಹಾರುವ ಪ್ರಯಾಣಿಕ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು. ಇವುಗಳಲ್ಲಿ ಯಾವುದೂ 1996ರಲ್ಲಿ ಜಗತ್ತಿಗೆ ಹೊಸದಾಗಿರಲಿಲ್ಲ ಎಂಬುದೇ ಸಂಕಟದ ಸಂಗತಿ.

ಸರದಿಯನ್ನು ನೆಲಕ್ಕಿಳಿಸುವ ಕೆಲಸ ನಮ್ಮಲ್ಲಿ ಇನ್ನೂ ತಡವಾಗಿ, 2010ರ ದಶಕದಲ್ಲಿ ಆರಂಭವಾಯಿತು. ಯಾವ ನಿಲ್ದಾಣ ಗಂಟೆಗೆ ಎಷ್ಟು ವಿಮಾನಗಳನ್ನು ಇಳಿಸಿಕೊಳ್ಳಬಲ್ಲದು ಎಂದು ದೆಹಲಿಯ ಕೇಂದ್ರ ಲೆಕ್ಕ ಹಾಕುತ್ತದೆ. ಅದಕ್ಕೆ ಹೊಂದಿಸಿ ದೂರದ ಊರುಗಳಿಂದ ಹೊರಡುವ ಸಮಯ ಗೊತ್ತುಮಾಡುತ್ತದೆ. ಮುಂಬೈಯ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಸುವುದರಿಂದ ಒಮ್ಮೆಗೆ ಒಂದನ್ನಷ್ಟೇ ಬಳಸುತ್ತಾರೆ. ಅಲ್ಲಿ ಮಳೆ ಜೋರಾದರೆ ಬೆಂಗಳೂರಿನಲ್ಲಿ ಹೊರಡಬೇಕಾದ ವಿಮಾನ ನಿಂತಲ್ಲೇ ನಿಲ್ಲುತ್ತದೆ. ನಾವು ಗೊಣಗುವುದು ಆಗಲೇ.

ಆಕಾಶದ ಹಂಚಿಕೆಯ ಪ್ರಶ್ನೆ ಮಾತ್ರ ಮುಗಿದಿಲ್ಲ. ಚರ್ಖಿ ದಾದ್ರಿಯ ದುರಂತಕ್ಕೆ 24 ವರ್ಷ ತುಂಬುತ್ತಿದ್ದ 2020ರ ಮೇ ತಿಂಗಳಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ದೇಶದ ವಾಯುಪ್ರದೇಶದಲ್ಲಿ ನಾಗರಿಕ ವಿಮಾನಗಳಿಗೆ ಮುಕ್ತವಾಗಿ ದೊರಕುತ್ತಿರುವುದು ಶೇ. 60 ಮಾತ್ರ ಎಂದು ಹೇಳಿದರು. ನಿರ್ಬಂಧ ಸಡಿಲಿಸಿದರೆ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿ ಉಳಿಯುತ್ತದೆ ಎಂಬ ಲೆಕ್ಕವನ್ನೂ ಅಂದೇ ಕೊಟ್ಟರು.