ಹೊನ್ನಾಳಿ ಹೊಳೆಯ ಹರಿಗೋಲು

ಹರಿಗೋಲಿಗೆ ಮುಂದು ಹಿಂದು ಅಂತಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ಕಣ್ಣಿಗೂ ಇದು ಬಿತ್ತು. ಒಳಗೆ ಬೆತ್ತ, ಹೊರಗೆ ತೊಗಲು, 15-20 ಜನ ಹಿಡಿಸುತ್ತದೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಆದರೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟ. ಅವನು ನೋಡಿದ್ದು ಆನೆಗೊಂದಿಯ ಕಡೆ. ಅದೇ ತುಂಗಭದ್ರೆಯಲ್ಲಿ, ಇತ್ತ ಕೂಡಲಿ ದಾಟಿ ಬರುವ ಹೊನ್ನಾಳಿಯಲ್ಲಿ ನಮ್ಮಜ್ಜ ಹುಟ್ಟು ಹಾಕುತ್ತಿದ್ದ.

ಸುತ್ತುವುದೇಕೆಂದರೆ, ತಳದಲ್ಲಿ ನೀರನ್ನು ಹಿಡಿಯುವಂಥದ್ದು ಏನೂ ಇಲ್ಲ. ಅಂಥದ್ದೊಂದು ಇದ್ದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಇದೆ: 1935ರಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕದವನು ಹವಾಯಿಯಲ್ಲಿ ತನ್ನ ಸರ್ಫಿಂಗ್ ಹಲಗೆಯ ಅಡಿಗೆ ಹಳೇ ಮೋಟಾರು ದೋಣಿಯ ಲೋಹದ ಪಟ್ಟಿ ಜಡಿದ. ಅಡ್ಡಡ್ಡ ಜಾರುತ್ತಿದ್ದ ಹಲಗೆ ಹಿಡಿತಕ್ಕೆ ಬಂತು. ಅದೇ ಫಿನ್. ಹಾಯಿ ಕಟ್ಟಿ ಓಡಿಸುವ ವಿಂಡ್‌ಸರ್ಫಿಂಗ್ ಹಲಗೆಗೆ ಅದಿಲ್ಲದೆ ಗತಿಯಿಲ್ಲ. ಗಾಳಿ ಸಣ್ಣಗಿದ್ದು ಹಾಯಿ ದೊಡ್ಡದು, ಹಲಗೆ ಅಗಲವಾದರೆ ಉದ್ದನೆಯ ಫಿನ್ ಬೇಕು. ಫಾರ್ಮುಲಾ ವರ್ಗದ ಸ್ಪರ್ಧೆಗಳಲ್ಲಿ ಅದು 70 ಸೆಂಟಿಮೀಟರ್‌ವರೆಗೂ ಹೋಗಿದೆ. ಗಾಳಿ ಬಿರುಸಾಗಿ ಹಾಯಿ ಕಿರಿದಾದರೆ ಫಿನ್ನೂ ಗಿಡ್ಡ. ತೀರ ಗಿಡ್ಡವಾದರೆ ಹಿಂಬದಿ ಜಾರಿಹೋಗುತ್ತದೆ, ಅತಿ ಉದ್ದವಾದರೆ ಹಲಗೆಯೇ ಮೇಲೆದ್ದು ವಾಲುತ್ತದೆ.

ಹರಿಗೋಲಿನ ತಳಕ್ಕೂ ಇಂಥದ್ದೊಂದನ್ನು ಜಡಿಯುವುದು ನಮ್ಮ ಹಿರಿಯರಿಗೆ ತೋಚಲಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಬೇಸಿಗೆಯ ಹೊಳೆ ನೋಡಿದವರಿಗೆ ಗೊತ್ತು: ಎಷ್ಟೋ ಕಡೆ ಮೊಣಕಾಲುದ್ದ ನೀರು, ಅಡಿಯಲ್ಲಿ ಬಂಡೆ. ತಳದಿಂದ ಒಂದು ಗೇಣು ಕೆಳಗಿಳಿದದ್ದು ಏನೇ ಆದರೂ ಬಂಡೆಗೆ ತಗುಲಿ ಮುರಿಯುತ್ತದೆ, ಜೊತೆಗೆ ತೊಗಲನ್ನೂ ಹರಿಯುತ್ತದೆ. ಚಪ್ಪಟೆ ತಳದ ಬುಟ್ಟಿ ಎಲ್ಲಿ ಬೇಕಾದರೂ ದಡ ಹತ್ತುತ್ತದೆ. ಸೆಳವಿಗೆ ಕೆಳಗೆ ತೇಲಿಹೋದರೆ ಹೊತ್ತು ಮತ್ತೆ ಮೇಲಕ್ಕೆ ತರಬಹುದು. ಫಿನ್ನಿನ ಕೆಲಸವನ್ನು ಅಂಬಿಗನ ತೋಳಿಗೆ ಬಿಟ್ಟರು.

ಅಜ್ಜ ಅಂಚಿಗೆ ಮೊಣಕಾಲೂರಿ, ಹೋಗಬೇಕಾದ ದಿಕ್ಕಿಗೇ ಮುಖ ಮಾಡಿ ಕೂರುತ್ತಿದ್ದ. ಹುಟ್ಟನ್ನು ಮುಂದೆ ಇಳಿಬಿಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳಸಿ ನೀರನ್ನು ತನ್ನತ್ತ ಸೆಳೆಯುತ್ತಿದ್ದ. "ತಳ್ಳಬ್ಯಾಡಲೇ, ತಿರುಗತೈತಿ. ನೀರನ್ನ ನಿನ್ ಕಡಿಗೆ ಎಳಕೋ" ಅನ್ನುತ್ತಿದ್ದ. ಜಗಳೂರಿನ ಬಯಲಿಂದ ಬಂದ ನೆಂಟರು ಅಂಚು ಬಿಗಿಹಿಡಿದು ಕಣ್ಣು ಮುಚ್ಚುತ್ತಿದ್ದರು. ಅವನ ಕೈಯಲ್ಲಿ ಹರಿಗೋಲು ಅರ್ಧ ಸುತ್ತು ತಿರುಗುವ ಮೊದಲೇ ಹಿಂದಕ್ಕೆ ಬರುತ್ತಿತ್ತು.

ಅವನ ಕಾಲಕ್ಕೆ ಹಸಿ ತೊಗಲನ್ನೇ ಬಿದಿರ ಹೆಣಿಗೆಗೆ ಎಳೆದು ಹೊಲಿಯುತ್ತಿದ್ದರು, ಒಣಗಿದಂತೆ ತಾನೇ ಬಿಗಿಯುತ್ತಿತ್ತು. ನೆನೆದೇ ಇದ್ದರೆ ಕೊಳೆಯುತ್ತದೆ, ಸಂಜೆ ದಡಕ್ಕೆ ತಂದು ಬೋರಲು ಹಾಕಲೇಬೇಕು. ಆಮೇಲೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದವು.

ಚನ್ನಗಿರಿಯ ಸೂಳೆಕೆರೆಯ ಲೆಕ್ಕ ಬೇರೆ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದ ಕೆರೆ ಅದು, ಈಗ ಶಾಂತಿಸಾಗರ. ಅಲ್ಲಿ ಸೆಳವಿಲ್ಲ, ಗಾಳಿಯದೇ ದರ್ಬಾರು. ತಳದಲ್ಲಿ ಹಿಡಿತವಿಲ್ಲದ ಬುಟ್ಟಿ ಗಾಳಿ ನೂಕಿದತ್ತಲೇ ಸರಿಯುತ್ತದೆ. ಅದಕ್ಕೇ ದಾಟುವವನು ಮೊದಲು ಗಾಳಿ ಬರುವ ದಿಕ್ಕಿಗೆ ಒಂದಷ್ಟು ಮಾರು ಏರಿಸಿಕೊಂಡು ಹೊರಡಬೇಕು. ಇವತ್ತು ಫಿನ್ನಿಗೆ ಸೆಂಟಿಮೀಟರಿನಲ್ಲಿ ಹಾಕುವ ಲೆಕ್ಕವನ್ನು ಅಂಬಿಗ ಕಣ್ಣಳತೆಯಲ್ಲೇ ಮುಗಿಸುತ್ತಾನೆ.

12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನವರು ದೋಣಿ ನಡೆಸಿದ್ದೂ ಇದೇ ತುಂಗಭದ್ರೆಯಲ್ಲಿ, ಹೊನ್ನಾಳಿಯಿಂದ ಕೆಳಗೆ ಚೌಡಯ್ಯದಾನಪುರದಲ್ಲಿ. ಅವರ ವಚನ ಓದುತ್ತೇವೆ, ಅವರ ಕೈಯ ಹುಟ್ಟಿನ ಬಗ್ಗೆ ಕೇಳುವುದೇ ಇಲ್ಲ. ಸೇತುವೆ ಬಂದು ಹೊನ್ನಾಳಿಯಲ್ಲಿ ಕಡವಿನ ದುಡಿಮೆ ನಿಂತಿತು. ನೀರನ್ನು ತನ್ನತ್ತ ಎಳೆಯುವ ಆ ಕೈಚಳಕ ಬಲ್ಲವರು ಮೀನು ಹಿಡಿಯುವವರಲ್ಲಿ ಇನ್ನೂ ಇದ್ದಾರೆ. ಹೊನ್ನಾಳಿ, ನ್ಯಾಮತಿಯ ಇತಿಹಾಸ ಬರೆಯುವವರು ಶಾಸನದ ಕಲ್ಲುಗಳ ಜೊತೆಗೆ ಅವರ ಮನೆಗಳಿಗೂ ಹೋಗಲಿ, ಈ ವರ್ಷವೇ ಹೋಗಲಿ.