ಬಾಡಿಗೆಯ ಪೆಟ್ಟಿಗೆ: ಅಮೆರಿಕದ ಕೇಬಲ್ ಬಾಕ್ಸ್‌ನ ಒಡೆತನದ ಇತಿಹಾಸ

ಅಮೆರಿಕದ ಮನೆಗಳ ಟಿ.ವಿ. ಸ್ಟ್ಯಾಂಡಿನಲ್ಲಿ ದಶಕಗಳ ಕಾಲ ಒಂದರ ಮೇಲೊಂದು ಕುಳಿತಿದ್ದ ಎರಡು ಉಪಕರಣಗಳಿಗೆ ಒಡೆಯರು ಬೇರೆ ಬೇರೆ. ಕೇಬಲ್ ತಂತಿಯಲ್ಲಿ ಬರುವ ಸಂಕೇತವನ್ನು ಬಿಡಿಸಿ ಚಿತ್ರವಾಗಿಸುವ ಸೆಟ್‌ಟಾಪ್ ಬಾಕ್ಸ್ ಕೇಬಲ್ ಕಂಪನಿಯ ಸ್ವತ್ತಾಗಿದ್ದು, ಅದಕ್ಕೆ ತಿಂಗಳು ತಿಂಗಳು ಬಾಡಿಗೆ ತೆರಬೇಕಿತ್ತು. ಅದರಿಂದ ಹೊರಟ ಧ್ವನಿಯನ್ನು ಬಲಪಡಿಸಿ ಹಲವು ಸ್ಪೀಕರ್‌ಗಳಿಗೆ ಹಂಚುವ ಹೋಮ್ ಥಿಯೇಟರ್ ರಿಸೀವರ್ ಮಾತ್ರ ಮನೆಯವರು ಅಂಗಡಿಯಲ್ಲಿ ಆರಿಸಿ ಕೊಂಡದ್ದಾಗಿತ್ತು.

ರಿಸೀವರ್‌ನ ಕಥೆ ಸರಳವಾದುದು. ಮನೆಗಳಿಗಾಗಿ ಡಾಲ್ಬಿ ಸರೌಂಡ್ 1982ರಲ್ಲೂ ಅದರ ಸುಧಾರಿತ ರೂಪವಾದ ಪ್ರೊ ಲಾಜಿಕ್ 1987ರಲ್ಲೂ ಬಂದವು. 1997ರಲ್ಲಿ ಡಿವಿಡಿ ಮಾರುಕಟ್ಟೆಗಿಳಿದ ನಂತರ ಐದು ಸ್ಪೀಕರ್ ಹಾಗೂ ಮಂದ್ರ ಧ್ವನಿಯ ಒಂದು ಸಬ್‌ವೂಫರ್ ಸೇರಿದ ಜೋಡಣೆ ಮಧ್ಯಮವರ್ಗದ ಮನೆಗಳನ್ನೂ ತಲುಪಿತು. ರಿಸೀವರ್‌ನ ಹಿಂಬದಿಯ ಕೆಂಪು ಬಿಳಿ ಸಾಕೆಟ್‌ಗಳು ಎಲ್ಲ ತಯಾರಕರಿಗೂ ಸಮಾನವಾಗಿದ್ದುದರಿಂದ ಒಂದು ಕಂಪನಿಯ ಉಪಕರಣಕ್ಕೆ ಮತ್ತೊಂದು ಕಂಪನಿಯದನ್ನು ಜೋಡಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಕೇಬಲ್ ಕೂಡ ಮೊದಲಿಗೆ ಹೀಗೆಯೇ ಇತ್ತು. 1940ರ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯಾದಂತಹ ಗುಡ್ಡಗಾಡು ಪ್ರದೇಶಗಳಲ್ಲಿ ಎತ್ತರದ ಜಾಗದಲ್ಲಿ ನೆಟ್ಟ ಒಂದೇ ಆಂಟೆನಾದಿಂದ ಊರಿಗೆಲ್ಲ ಎಳೆದ ತಂತಿಯನ್ನು ನೇರವಾಗಿ ಟಿ.ವಿ.ಗೆ ಸಿಕ್ಕಿಸಲಾಗುತ್ತಿತ್ತು. ಟಿ.ವಿ.ಯ ವಿಎಚ್‌ಎಫ್ ಗುಂಡಿಯಲ್ಲಿದ್ದ 12 ಚಾನೆಲ್‌ಗಳಿಗಿಂತ ಹೆಚ್ಚಿನವನ್ನು ಕಂಪನಿಗಳು ಕೊಡತೊಡಗಿದಾಗ ಅವನ್ನು ಹಿಡಿದು ಕೊಡುವ ಪರಿವರ್ತಕ ಪೆಟ್ಟಿಗೆ ಬೇಕಾಯಿತು. ಹಣ ಕೊಟ್ಟವರಿಗಷ್ಟೇ ಕಾಣುವಂತೆ ಸಂಕೇತವನ್ನು ಕಲಸಿ ಕಳಿಸುವ ಪದ್ಧತಿ ಬೆಳೆದ ಮೇಲೆ, ಅದನ್ನು ಬಿಡಿಸುವ ಕೀಲಿಯೂ ಆ ಪೆಟ್ಟಿಗೆಯೊಳಗೇ ಸೇರಿತು. ಬಾಡಿಗೆಯ ಬೇರು ಇರುವುದು ಈ ಕೀಲಿಯಲ್ಲಿ.

ಟೆಲಿಫೋನಿನ ವಿಷಯದಲ್ಲಿ ಅಮೆರಿಕ ಇಂಥದೇ ಸಮಸ್ಯೆಯನ್ನು ಮೊದಲೇ ಎದುರಿಸಿತ್ತು. ಎಟಿ ಅಂಡ್ ಟಿ ಕಂಪನಿ ತನ್ನ ಜಾಲಕ್ಕೆ ಹೊರಗಿನವರ ಉಪಕರಣ ಜೋಡಿಸಲು ಬಿಡುತ್ತಿರಲಿಲ್ಲ. 1968ರಲ್ಲಿ ರೇಡಿಯೊವನ್ನು ಫೋನಿಗೆ ಬೆಸೆಯುವ ಕಾರ್ಟರ್‌ಫೋನ್ ಎಂಬ ಸಾಧನದ ಪ್ರಕರಣದಲ್ಲಿ ಸಂಪರ್ಕ ಕ್ಷೇತ್ರದ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿ ಆ ನಿರ್ಬಂಧವನ್ನು ತೆಗೆದುಹಾಕಿತು. ಗ್ರಾಹಕರೇ ಕೊಂಡ ಫೋನು, ಮೋಡೆಮ್‌ಗಳ ದೊಡ್ಡ ಮಾರುಕಟ್ಟೆ ಬೆಳೆದದ್ದು ಆ ತೀರ್ಪಿನ ಬಲದಿಂದ. 1996ರ ದೂರಸಂಪರ್ಕ ಕಾಯ್ದೆಯ ಮೂಲಕ ಸೇರಿದ 629ನೇ ಸೆಕ್ಷನ್ ಅದೇ ಸ್ವಾತಂತ್ರ್ಯವನ್ನು ಕೇಬಲ್ ಬಾಕ್ಸ್‌ಗೂ ವಿಸ್ತರಿಸುವ ಉದ್ದೇಶದ್ದಾಗಿತ್ತು.

ಕೀಲಿಯನ್ನು ಪೆಟ್ಟಿಗೆಯಿಂದ ಬೇರ್ಪಡಿಸಬೇಕೆಂದು ಎಫ್‌ಸಿಸಿ 1998ರಲ್ಲಿ ನಿಯಮ ಮಾಡಿದ್ದರ ಫಲವಾಗಿ 2004ರ ವೇಳೆಗೆ ಕೇಬಲ್‌ಕಾರ್ಡ್ ಬಂದಿತು. ಅಂಗೈಗಿಂತ ಚಿಕ್ಕದಾದ ಈ ಕಾರ್ಡನ್ನು ಸ್ವಂತ ಟಿ.ವಿ.ಯ ಅಥವಾ ರೆಕಾರ್ಡರ್‌ನ ಸೀಳಿನಲ್ಲಿ ತೂರಿಸಿದರೆ ಪರದೆಯ ಮೇಲೆ ಉದ್ದುದ್ದ ಅಂಕಿಗಳ ಸಾಲುಗಳು ಮೂಡುತ್ತಿದ್ದವು. ಅವನ್ನು ಕೇಬಲ್ ಕಂಪನಿಗೆ ತಿಳಿಸಿ, ಕಾರ್ಡೂ ಉಪಕರಣವೂ ಒಂದಕ್ಕೊಂದು ಜೋಡಿಯೆಂದು ಕಂಪನಿ ದಾಖಲಿಸಿದ ಮೇಲೆಯೇ ಚಾನೆಲ್‌ಗಳೆಲ್ಲ ತೆರೆಯುತ್ತಿದ್ದವು. ಇಷ್ಟಾದರೂ, ಬೇಕಾದ ಸಿನಿಮಾವನ್ನು ಬೇಕಾದಾಗ ತರಿಸಿಕೊಳ್ಳುವ ಸೌಲಭ್ಯ ಅಂಗಡಿಯಲ್ಲಿ ಕೊಂಡ ಮೊದಲ ಉಪಕರಣಗಳಲ್ಲಿ ಇರಲಿಲ್ಲ. ಕಂಪನಿಗಳೂ ತಮ್ಮ ಬಾಡಿಗೆ ಪೆಟ್ಟಿಗೆಗಳಲ್ಲಿ ಇದೇ ಕಾರ್ಡನ್ನು ಬಳಸಬೇಕೆಂಬ ನಿಯಮ ಎರಡು ಬಾರಿ ಮುಂದೂಡಲ್ಪಟ್ಟು 2007ರ ಜುಲೈ 1ರಂದು ಜಾರಿಗೆ ಬಂದಿತು, 2014ರ ಶಾಸನವೊಂದರಿಂದ ರದ್ದೂ ಆಯಿತು. ಗ್ರಾಹಕನು ಬಾಡಿಗೆಯಿಂದ ಬಿಡಿಸಿಕೊಳ್ಳಲು, ಆ ಬಾಡಿಗೆಯಿಂದ ಲಾಭ ಪಡೆಯುವವರ ನೆರವನ್ನೇ ಕೇಳಬೇಕಾದ ಈ ಏರ್ಪಾಡು ಆರಂಭದಿಂದಲೇ ಅನ್ಯಾಯದ್ದಾಗಿತ್ತು. ಕೇಬಲ್‌ಕಾರ್ಡಿನ ಸೋಲಿಗೆ ತಂತ್ರಜ್ಞಾನದ ಮಿತಿಗಿಂತ ಅದೇ ದೊಡ್ಡ ಕಾರಣ.

ಸೆನೆಟರ್‌ಗಳಾದ ಎಡ್ ಮಾರ್ಕಿ ಮತ್ತು ರಿಚರ್ಡ್ ಬ್ಲೂಮೆಂತಾಲ್ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಚಂದಾದಾರರಲ್ಲಿ ಶೇ 99ರಷ್ಟು ಮಂದಿ ಬಾಡಿಗೆಯ ಪೆಟ್ಟಿಗೆಯನ್ನೇ ಬಳಸುತ್ತಿದ್ದು, ಸರಾಸರಿ ಕುಟುಂಬವೊಂದು ವರ್ಷಕ್ಕೆ 231 ಡಾಲರ್ ತೆರುತ್ತಿತ್ತು. ಈ ಬೀಗವನ್ನು ತೆಗೆಯಲು ಎಫ್‌ಸಿಸಿ ಅಧ್ಯಕ್ಷ ಟಾಮ್ ವೀಲರ್ 2016ರಲ್ಲಿ ತಂದ ಪ್ರಸ್ತಾವವನ್ನು ಕೇಬಲ್ ಉದ್ಯಮವೂ ಹಕ್ಕುಸ್ವಾಮ್ಯದ ಪ್ರಶ್ನೆಯೆತ್ತಿದ ಚಿತ್ರೋದ್ಯಮವೂ ವಿರೋಧಿಸಿದವು. ಸೆಪ್ಟೆಂಬರ್‌ನಲ್ಲಿ ನಿಗದಿಯಾಗಿದ್ದ ಮತದಾನ ನಡೆಯಲೇ ಇಲ್ಲ, ಮರುವರ್ಷ ಹೊಸ ಅಧ್ಯಕ್ಷ ಅಜಿತ್ ಪೈ ಅದನ್ನು ಕೈಬಿಟ್ಟರು. ಅಷ್ಟರಲ್ಲಿ ಇಂಟರ್‌ನೆಟ್ ಮೂಲಕ ಸಿನಿಮಾ, ಧಾರಾವಾಹಿ ನೋಡುವ ರೂಢಿ ಬೆಳೆದು ಅನೇಕರು ಕೇಬಲ್ಲನ್ನೇ ತೊರೆಯತೊಡಗಿದ್ದರು. 2020ರಲ್ಲಿ ಕೇಬಲ್‌ಕಾರ್ಡಿಗೆ ಸಂಬಂಧಿಸಿದ ನಿಯಮಗಳನ್ನೂ ಎಫ್‌ಸಿಸಿ ತೆಗೆದುಹಾಕಿತು.

ಕೀಲಿಯ ಈ ತೊಡಕು ಭಾರತದಲ್ಲೂ ಕಾಣಿಸಿಕೊಂಡಿತು. ಇಲ್ಲಿನ ಕೇಬಲ್ ಡಿಜಿಟಲೀಕರಣದ ಎರಡನೇ ಹಂತಕ್ಕೆ ಸೇರಿದ್ದ ಬೆಂಗಳೂರು ಮತ್ತು ಮೈಸೂರಿಗೆ 2013ರ ಮಾರ್ಚ್ 31ರ ಗಡುವಿತ್ತು. ಇಲ್ಲಿ ಅನೇಕರು ಬಾಕ್ಸನ್ನು ದುಡ್ಡು ಕೊಟ್ಟು ಕೊಂಡರೂ ಕೀಲಿ ಸೇವೆ ಕೊಡುವವರ ಬಳಿಯೇ ಉಳಿದದ್ದರಿಂದ, ಕಂಪನಿ ಬದಲಿಸಿದ ದಿನ ಆ ಬಾಕ್ಸ್ ಕೆಲಸಕ್ಕೆ ಬಾರದಂತಾಗುತ್ತಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಗ್ರಾಹಕರಿಗೆ ಕೊಡುವ ಪ್ರತಿಯೊಂದು ಬಾಕ್ಸೂ ಬೇರೆ ಕಂಪನಿಯ ಸೇವೆಗೂ ಹೊಂದುವಂತಿರಬೇಕೆಂದು 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು.