ಪೆಟ್ಟಿಗೆಯ ಮೇಲಿನ 72: ಪುಟ್ಟ ವಿಮಾನಗಳ ದೊಡ್ಡ ಪಾಠ

ಬಿಡಿಭಾಗಗಳನ್ನು ಅಂಟಿಸಿ, ಬಣ್ಣ ಬಳಿದು ಸಿದ್ಧಪಡಿಸುವ ಪ್ಲಾಸ್ಟಿಕ್ ಯುದ್ಧವಿಮಾನಗಳ ಕಿಟ್‌ಗಳನ್ನು ನೀವು ನೋಡಿರಬಹುದು. ಅಂಥ ಅನೇಕ ಪೆಟ್ಟಿಗೆಗಳ ಮೇಲೆ 1/72 ಎಂದು ಅಚ್ಚಾಗಿರುತ್ತದೆ. 50 ಅಲ್ಲ, 100 ಅಲ್ಲ, 72! ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು?

ಉತ್ತರ ಅಡಿ-ಅಂಗುಲಗಳ ಲೆಕ್ಕದಲ್ಲಿದೆ. 6 ಅಡಿ ಎಂದರೆ 72 ಅಂಗುಲ. ಆದ್ದರಿಂದ ಆರಡಿ ಎತ್ತರದ ಪೈಲಟ್ ಈ ಮಾದರಿಯಲ್ಲಿ ಒಂದು ಅಂಗುಲದ ಗೊಂಬೆಯಾಗುತ್ತಾನೆ. ಬ್ರಿಟನ್ನಿನಲ್ಲಿ 1930ರ ದಶಕದ ಆರಂಭದಲ್ಲಿ ‘ಸ್ಕೈಬರ್ಡ್ಸ್’ ಎಂಬ ಮರದ ಕಿಟ್‌ಗಳು ಈ ಪ್ರಮಾಣವನ್ನು ಬಳಕೆಗೆ ತಂದವು. 1936ರಲ್ಲಿ ‘ಫ್ರಾಗ್’ ಹೆಸರಿನಲ್ಲಿ ಇದೇ ಪ್ರಮಾಣದ ಪ್ಲಾಸ್ಟಿಕ್ ಕಿಟ್‌ಗಳು ಬಂದವು. ಇವು ಹಾರುವ ಮಾದರಿಗಳಲ್ಲವಾದ್ದರಿಂದ ಹಾರಲಾರದ ಹಕ್ಕಿಯ ಹೆಸರನ್ನೇ ಇಟ್ಟರು: ಪೆಂಗ್ವಿನ್! ಬಳಸಿದ ವಸ್ತು ಸೆಲ್ಯುಲೋಸ್ ಅಸಿಟೇಟ್. ವರ್ಷಗಳು ಕಳೆದಂತೆ ಸೊಟ್ಟಗಾಗುವುದು ಅದರ ದೋಷ.

ಅಷ್ಟರಲ್ಲಿ ಯುದ್ಧ ಬಂತು. 1939ರ ಸೆಪ್ಟೆಂಬರ್ 6ರಂದು, ಬ್ರಿಟನ್ ಯುದ್ಧ ಘೋಷಿಸಿದ ಮೂರೇ ದಿನಗಳಲ್ಲಿ, ಬ್ರಿಟನ್ನಿನ ಸ್ಪಿಟ್‌ಫೈರ್‌ಗಳು ತಮ್ಮದೇ ಪಡೆಯ ಎರಡು ಹರಿಕೇನ್‌ಗಳನ್ನು ಶತ್ರುವಿಮಾನಗಳೆಂದು ಭಾವಿಸಿ ಹೊಡೆದುರುಳಿಸಿದವು. ಒಬ್ಬ ಪೈಲಟ್ ಸತ್ತ. ಆಕಾಶದಲ್ಲಿ ಕಾಣುವುದು ನಮ್ಮದೋ, ಪರರದೋ? ಅದನ್ನು ಕೆಲವೇ ಸೆಕೆಂಡುಗಳಲ್ಲಿ ಗುರುತಿಸುವ ಕಣ್ಣು ಬೇಕಿತ್ತು.

1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ವಿದ್ಯಾರ್ಥಿಗಳ ನೆರವು ಕೇಳಿತು. 50 ಬಗೆಯ ವಿಮಾನಗಳು, ಪ್ರತಿಯೊಂದಕ್ಕೂ 10,000 ಮರದ ಮಾದರಿಗಳು, ಒಟ್ಟು ಐದು ಲಕ್ಷ! ಪ್ರಮಾಣ 1/72. ಬಣ್ಣ ಕಪ್ಪು, ಏಕೆಂದರೆ ಕಲಿಯಬೇಕಾದದ್ದು ಆಕಾರವನ್ನು ಮಾತ್ರ.

ಇಲ್ಲಿರುವ ಭೌತವಿಜ್ಞಾನ ಸರಳ. ದೂರದ ವಸ್ತು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಅದು ಕಣ್ಣಿನಲ್ಲಿ ಉಂಟುಮಾಡುವ ಕೋನವನ್ನು ಅವಲಂಬಿಸಿದೆ. ಮಾದರಿಯನ್ನು 35 ಅಡಿ ದೂರದಲ್ಲಿ ಹಿಡಿದರೆ, 35ನ್ನು 72ರಿಂದ ಗುಣಿಸಿ: 2,520 ಅಡಿ. ಅಂದರೆ ಸುಮಾರು ಅರ್ಧ ಮೈಲಿ ದೂರದ ನಿಜ ವಿಮಾನ ಕಂಡಂತೆಯೇ! 11.23 ಮೀಟರ್ ರೆಕ್ಕೆಯಗಲದ ಸ್ಪಿಟ್‌ಫೈರ್ ಮಾದರಿಯಲ್ಲಿ 15.6 ಸೆಂಟಿಮೀಟರ್. ಆ ದೂರದಲ್ಲಿ ಅದರ ಕೋನ ಸುಮಾರು 0.84 ಡಿಗ್ರಿ, ಹುಣ್ಣಿಮೆ ಚಂದ್ರನ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಹೀಗೆ ತರಗತಿಯ ಕೋಣೆಯೇ ಆಕಾಶವಾಯಿತು.

ಆದರೆ ಆಕಾರ ಕಲಿತ ಕಣ್ಣಿಗೆ ಬೆಳಕೂ ಬೇಕಲ್ಲವೇ? 1943ರ ಜುಲೈ 11ರ ರಾತ್ರಿ ಸಿಸಿಲಿಯಲ್ಲಿ, ಅಮೆರಿಕದ ಪ್ಯಾರಾಟ್ರೂಪರ್‌ಗಳನ್ನು ಹೊತ್ತ 144 ವಿಮಾನಗಳ ಮೇಲೆ ಸ್ವಪಕ್ಷದ ಫಿರಂಗಿಗಳೇ ಗುಂಡು ಹಾರಿಸಿದವು. 23 ವಿಮಾನಗಳು ನಾಶವಾದವು.

ಆಕಾರದ ಜೊತೆಗೆ ಎದ್ದುಕಾಣುವ ಗುರುತೂ ಬೇಕೆಂಬುದು ಇದರಿಂದ ಕಲಿತ ಪಾಠ. 1944ರ ಜೂನ್‌ನಲ್ಲಿ, ನಾರ್ಮಂಡಿ ದಾಳಿಗೆ ಮುನ್ನ, ಮಿತ್ರರಾಷ್ಟ್ರಗಳ ಸಾವಿರಾರು ವಿಮಾನಗಳ ರೆಕ್ಕೆ ಮತ್ತು ಒಡಲಿನ ಮೇಲೆ ಮೂರು ಬಿಳಿ, ಎರಡು ಕಪ್ಪು ಪಟ್ಟೆಗಳನ್ನು ಬಳಿಯಲಾಯಿತು. ಒಂದೇ ಎಂಜಿನ್ನಿನ ವಿಮಾನಕ್ಕೆ ಪಟ್ಟೆಯ ಅಗಲ 18 ಅಂಗುಲ. ಗುಟ್ಟು ಬಯಲಾಗದಿರಲೆಂದು ಆದೇಶವನ್ನು ಕೊನೆಯ ಗಳಿಗೆಯವರೆಗೆ ತಡೆಹಿಡಿದಿದ್ದರು. ಹಾಗಾಗಿ ಅನೇಕ ಕಡೆ ಸಿಬ್ಬಂದಿ ಸಿಕ್ಕಿದ ಕುಂಚ ಹಿಡಿದು ಅವಸರದಲ್ಲಿ ಬಳಿದರು, ಪಟ್ಟೆಗಳು ಡೊಂಕಾದವು.

ಯುದ್ಧ ಮುಗಿದ ಬಳಿಕ ಮಾದರಿ ಮತ್ತೆ ಆಟಿಕೆಯಾಯಿತು. 1950ರ ದಶಕದಲ್ಲಿ ‘ಏರ್‌ಫಿಕ್ಸ್’ ಕಂಪನಿ ಎರಡು ಷಿಲಿಂಗ್ ಬೆಲೆಯ ಸ್ಪಿಟ್‌ಫೈರ್ ಕಿಟ್ ತಂದಿತು. ವಸ್ತು ಪಾಲಿಸ್ಟೈರೀನ್. ಕರಗಿಸಿ ಒತ್ತಡದಿಂದ ಅಚ್ಚಿಗೆ ತುಂಬಿದರೆ ಸಣ್ಣ ವಿವರಗಳೂ ಮೂಡುತ್ತವೆ, ಆಕಾರವೂ ಉಳಿಯುತ್ತದೆ.

ಇಂಥ ಮಾದರಿಗೆ ಬಣ್ಣ ಬಳಿಯುವಾಗ ಭೌತವಿಜ್ಞಾನ ಮತ್ತೆ ಎದುರಾಗುತ್ತದೆ. ದೂರದ ಬೆಟ್ಟ ಮಸುಕಾಗಿ ಕಾಣುವುದು ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ. ದೂರದ ವಿಮಾನವೂ ಹಾಗೆಯೇ. ಆದರೆ ಮೇಜಿನ ಮೇಲಿನ ಮಾದರಿಗೂ ನಿಮಗೂ ನಡುವೆ ಅಷ್ಟು ಗಾಳಿ ಇಲ್ಲ! ನಿಜ ವಿಮಾನದ ಬಣ್ಣವನ್ನೇ ಬಳಿದರೆ ಅದು ತೀರಾ ಗಾಢವಾಗಿ ತೋರುತ್ತದೆ. ಅದಕ್ಕೇ ಕೆಲವು ಹವ್ಯಾಸಿಗಳು ಬಣ್ಣಕ್ಕೆ ತುಸು ಬಿಳಿ ಬೆರೆಸುತ್ತಾರೆ.

ನಾರ್ಮಂಡಿಯ ಪಟ್ಟೆಯನ್ನು 72ರಿಂದ ಭಾಗಿಸಿ ನೋಡಿ: ಕಾಲು ಅಂಗುಲ. ಎಂದಾದರೂ ಅಂಥ ಮಾದರಿ ನಿಮ್ಮ ಕೈಗೆ ಬಂದು, ಬಳಿದ ಪಟ್ಟೆ ಕೊಂಚ ಡೊಂಕಾದರೆ ಬೇಸರಿಸಬೇಡಿ. 1944ರಲ್ಲಿ ನಿಜ ವಿಮಾನಗಳ ಮೇಲೂ ಅದು ಹಾಗೆಯೇ ಇತ್ತು. ಆ ಕಾಲು ಅಂಗುಲದ ಪಟ್ಟೆ ಬರಿಯ ಅಲಂಕಾರವಲ್ಲ. ತಮ್ಮವರನ್ನೇ ಕೊಂದ ತಪ್ಪು ಮರುಕಳಿಸದಿರಲೆಂದು ಬಳಿದ ಗುರುತು.